ಹವೇಲಿಯ ನಿಜವಾದ ಸಂಪತ್ತು

ರಜೆಯಲ್ಲಿ ಅಹಮದಾಬಾದಿನ ಚಿಕ್ಕಪ್ಪನ ಮನೆಗೆ ಹೋಗಿದ್ದಾಗ ಅಲ್ಲಿನ ‘ಪಾರಂಪರಿಕ ನಡಿಗೆ’ಗೆ ಹೋಗಿದ್ದೆ. ಮಹಾನಗರಪಾಲಿಕೆ 1997ರಲ್ಲಿ ಆರಂಭಿಸಿದ ಈ ನಡಿಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು 1424ರ ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ಸುಲ್ತಾನ ಅಹ್ಮದ್ ಷಾ 1411ರಲ್ಲಿ ಕಟ್ಟಿದ ಈ ನಗರವನ್ನು 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ ಆ ಗೌರವ ಪಡೆದ ಮೊದಲ ನಗರ ಇದೇ.

ಹಳೆಯ ನಗರದ ಓಣಿಗಳನ್ನು ‘ಪೋಳ್’ ಎನ್ನುತ್ತಾರೆ. ಪೋಳಿಗೆ ಸಾಮಾನ್ಯವಾಗಿ ಒಂದು ಹೆಬ್ಬಾಗಿಲು, ಅನೇಕ ಕಡೆ ಹಕ್ಕಿಗಳಿಗೆ ಕಾಳು ಹಾಕಲು ‘ಚಬೂತರೋ’ ಎಂಬ ಎತ್ತರದ ಕಂಬಗೂಡು. ಒಳಗೆ ಬಟ್ಟೆ, ಲೇವಾದೇವಿ ವ್ಯಾಪಾರದಿಂದ ಸಿರಿವಂತರಾದ ಕುಟುಂಬಗಳ ಹವೇಲಿಗಳು. ಹರಕುಂವರ್ ಶೇಠಾಣಿಯವರ ಹವೇಲಿಯ ಮುಂದೆ ನಿಂತರೆ ಮರದ ಕೆತ್ತನೆಯಿಂದ ಕಣ್ಣು ಕೀಳಲಾಗದು. ಪತಿ ಹಠೀಸಿಂಗರು ತೀರಿಕೊಂಡ ಮೇಲೆ, ಅವರು ಆರಂಭಿಸಿದ್ದ ಜೈನಮಂದಿರವನ್ನು 1848ರಲ್ಲಿ ಪೂರ್ಣಗೊಳಿಸಿದವರು ಈ ಮಹಿಳೆಯೇ.

ಆದರೆ ನನಗೆ ಹೆಚ್ಚು ಇಷ್ಟವಾದದ್ದು ಕಣ್ಣಿಗೆ ಕಾಣದ ಭಾಗ. ಇಂಥ ಮನೆಗಳ ನಡುವಿನ ಅಂಗಳದ ಕೆಳಗೆ ‘ಟಾಂಕಾ’ ಎಂಬ ನೀರಿನ ತೊಟ್ಟಿ ಇರುತ್ತದೆ. ಮೊದಲ ಮಳೆ ಸೂರನ್ನು ತೊಳೆದುಕೊಂಡು ಹೋಗಲಿ ಎಂದು ಹೊರಗೆ ಬಿಡುತ್ತಾರೆ. ನಂತರದ ನೀರು ಕೊಳವೆಯಲ್ಲಿ ಇಳಿದು, ಸುಣ್ಣದ ಗಾರೆ ಬಳಿದ ತೊಟ್ಟಿ ಸೇರುತ್ತದೆ. ಬೆಳಕು ಬೀಳದ ಕಾರಣ ಪಾಚಿ ಕಟ್ಟುವುದಿಲ್ಲ. ಮನೆಯವರಿಗೆ ಬೇಸಿಗೆಯಲ್ಲೂ ಕುಡಿಯುವ ನೀರು ಸಿಗುತ್ತಿತ್ತು. ಗೋಡೆಗಳಲ್ಲೂ ಇಂಥದೇ ಜಾಣ್ಮೆ: ಇಟ್ಟಿಗೆಯ ನಡುವೆ ಮರದ ತೊಲೆಗಳನ್ನು ಸೇರಿಸಿರುವುದರಿಂದ ಭೂಮಿ ಅದುರಿದಾಗ ಗೋಡೆ ಸ್ವಲ್ಪ ಬಾಗಿ ತಡೆದುಕೊಳ್ಳುತ್ತದೆ.

ಈಗ ಅನೇಕ ಹವೇಲಿಗಳಿಗೆ ಬೀಗ ಬಿದ್ದಿದೆ. ವಾರಸುದಾರರು ಸಾಬರಮತಿಯ ಆಚೆಯ ಹೊಸ ಬಡಾವಣೆಗಳಿಗೆ ಹೋಗಿದ್ದಾರೆ. ಒಂದು ಮನೆಗೆ ಹತ್ತಾರು ಪಾಲುದಾರರಿದ್ದರೆ ದುರಸ್ತಿಗೆ ಹಣ ಹಾಕುವವರು ಯಾರು? ಹಾಗಾಗಿ ಕೆತ್ತನೆಯ ಕಂಬಗಳನ್ನು ಬಿಚ್ಚಿ ಮಾರುವುದೂ ಉಂಟು.

ನಮ್ಮ ಊರುಗಳ ತೊಟ್ಟಿ ಮನೆಗಳೂ ಹೀಗೆಯೇ ಒಂದೊಂದಾಗಿ ಉರುಳುತ್ತಿವೆ. ಎಲ್ಲವನ್ನೂ ಉಳಿಸಲು ನಮ್ಮಿಂದಾಗದು. ಆದರೆ ಅಜ್ಜಿಯ ಮನೆಯನ್ನು ಕೆಡವುವ ಮೊದಲು ಅಲ್ಲಿ ಮಳೆನೀರು ಎಲ್ಲಿಗೆ ಹೋಗುತ್ತಿತ್ತು, ಗಾಳಿ ಎಲ್ಲಿಂದ ಬರುತ್ತಿತ್ತು ಎಂದು ಹಿರಿಯರನ್ನು ಕೇಳಿ, ಅಳತೆ ತೆಗೆದು, ಬರೆದಿಡಬಹುದು. ಟ್ಯಾಂಕರ್ ನೀರಿಗೆ ಕಾಯುವ ನಮಗೆ ಆ ಪಾಠ ಬೇಕಾಗಿದೆ.