ಚೌಕದಲ್ಲಿ ನೋಟ, ಅಡ್ಡಬೀದಿಯಲ್ಲಿ ಊಟ

ಕ್ರಾಕೋವ್‌ನ ದೊಡ್ಡ ಚೌಕದಲ್ಲಿ ಕೂತು ಉಣ್ಣುವವರು ತಟ್ಟೆಗಿಂತ ಕುರ್ಚಿಗೇ ಹೆಚ್ಚು ದುಡ್ಡು ಕೊಡುತ್ತಾರೆ. ತಪ್ಪೇನಿಲ್ಲ, ಆ ಕುರ್ಚಿಯಿಂದ ಕಾಣುವುದು ಅಂಥದ್ದು. ಎದುರಿಗೆ ಸುಕಿಯೆನ್ನಿತ್ಸೆ ಎಂಬ ಹಳೇ ಕಾಲದ ಜವಳಿ ಮಂಟಪ. ಒಂದು ಮೂಲೆಯಲ್ಲಿ ಸಂತ ಮೇರಿ ಚರ್ಚು, ಅದರ ಎರಡು ಗೋಪುರಗಳಲ್ಲಿ ಒಂದು ಎತ್ತರ, ಇನ್ನೊಂದು ಗಿಡ್ಡ. ಎತ್ತರದ ಗೋಪುರದಿಂದ ಗಂಟೆಗೊಮ್ಮೆ ನಾಲ್ಕೂ ದಿಕ್ಕಿಗೆ ತುತ್ತೂರಿ ಊದುತ್ತಾರೆ. ನಡುನಡುವೆ ಕುದುರೆ ಸಾರೋಟುಗಳ ಟಪಟಪ. ಆದರೆ ಹೊಟ್ಟೆ ನಿಜವಾಗಿ ಹಸಿದಿದ್ದರೆ ಚೌಕ ಬಿಟ್ಟು ಅಡ್ಡಬೀದಿ ಹಿಡಿಯುವುದೇ ಲೇಸು.

ಚರಿತ್ರೆ ಬೇಕೆನ್ನುವವರಿಗೆ ಇಷ್ಟು: ದಕ್ಷಿಣ ಪೋಲೆಂಡಿನ ಈ ಊರು ವಾರ್ಸಾಗಿಂತ ಮೊದಲು ರಾಜರ ನೆಲೆಯಾಗಿತ್ತು. 1257ರ ಸನ್ನದಿನಂತೆ ಬೀದಿಗಳನ್ನು ಅಳೆದು ಹಾಕಿದರು. ಚೌಕದ ಒಂದೊಂದು ಬದಿಯೂ ಸುಮಾರು 200 ಮೀಟರ್. ಹತ್ತೊಂಬತ್ತನೇ ಶತಮಾನದಲ್ಲಿ ಕೋಟೆಗೋಡೆ ಕೆಡವಿದ ಜಾಗ ಈಗ ಪ್ಲಾಂಟಿ ಎಂಬ ಉದ್ಯಾನ, ಹಳೆಯೂರನ್ನು ಸುತ್ತುವರಿದಿದೆ. 1978ರಲ್ಲಿ ಯುನೆಸ್ಕೊ ತನ್ನ ವಿಶ್ವ ಪರಂಪರೆಯ ಮೊಟ್ಟಮೊದಲ ಪಟ್ಟಿಯಲ್ಲೇ ಊರನ್ನು ಸೇರಿಸಿತು. 1364ರಲ್ಲಿ ವಿಯೆಜಿನೆಕ್ ಎಂಬ ವರ್ತಕ ಇಲ್ಲಿಗೆ ಬಂದಿದ್ದ ರಾಜರಿಗೆಲ್ಲ ಔತಣ ಬಡಿಸಿದನೆಂಬ ಕಥೆ ಇದೆ. ಅವನ ಹೆಸರಿನ ದುಬಾರಿ ರೆಸ್ಟೊರೆಂಟ್ ಚೌಕದಲ್ಲೇ ಇದೆ. ಅದನ್ನು ಹೊರಗಿನಿಂದ ನೋಡಿದರೂ ನಡೆಯುತ್ತದೆ.

ಬೆಳಗಿನ ತಿಂಡಿಗೆ ಬಾಗಿಲು, ಮೇಜು ಯಾವುದೂ ಬೇಕಿಲ್ಲ. ಮೂಲೆಮೂಲೆಗೂ ನಿಂತಿರುವ ಗಾಜಿನ ತಳ್ಳುಗಾಡಿಗಳಲ್ಲಿ ಒಬ್ವಜಾನೆಕ್ ಸಿಗುತ್ತದೆ. ನೋಡಲು ನಮ್ಮ ಕೋಡುಬಳೆಯ ದೊಡ್ಡಣ್ಣ. ಕಡಿದರೆ ಮಾತ್ರ ಬೇರೆಯೇ ಜಾತಿ: ಹೊರಗೆ ಹೊಳಪಿನ ಗಟ್ಟಿ ಪದರ, ಒಳಗೆ ಜಗಿಯಲು ಸಿಗುವ ಬಿಳಿ ಮೆದು ತಿರುಳು. ಹಿಟ್ಟಿನ ಎಳೆಗಳನ್ನು ಹುರಿಹಗ್ಗದಂತೆ ಹೊಸೆದು, ಬಳೆ ಮಾಡಿ, ಮೊದಲು ಬಿಸಿನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಆಮೇಲೆ ಉಪ್ಪಿನ ಹರಳೋ ಗಸಗಸೆಯೋ ಎಳ್ಳೋ ಉದುರಿಸಿ ಒಲೆಗೆ ಹಾಕುತ್ತಾರೆ. ರಾಣಿ ಯಾದ್ವಿಗಾಳ ಅರಮನೆಯ 1394ರ ಲೆಕ್ಕಪತ್ರದಲ್ಲೇ ಇದರ ಹೆಸರಿದೆ. 2010ರಲ್ಲಿ ಐರೋಪ್ಯ ಒಕ್ಕೂಟ ಭೌಗೋಳಿಕ ಮಾನ್ಯತೆ ಕೊಟ್ಟಿತು.

ಗಾಡಿಯ ಹೆಂಗಸು ತೋರಿಸಿದ್ದನ್ನು ಇಕ್ಕುಳದಲ್ಲಿ ಎತ್ತಿ ಕಾಗದದ ಚೀಲಕ್ಕೆ ಇಳಿಸುವಾಗ ಗಸಗಸೆ ಅರ್ಧ ಚೀಲದ ತಳ ಸೇರಿರುತ್ತದೆ. ಬೆಳಿಗ್ಗೆಯೇ ತಿನ್ನಬೇಕು. ಸಂಜೆಯ ಹೊತ್ತಿಗೆ ಅದು ಹಲ್ಲಿನ ಪರೀಕ್ಷೆಗೆ ನಿಲ್ಲುತ್ತದೆ, ಚೌಕದ ಪಾರಿವಾಳಗಳಿಗೆ ಪಾಲು ಹೋಗುವುದು ಆಗಲೇ.

ಮಧ್ಯಾಹ್ನದ ಊಟಕ್ಕೆ ಬಾರ್ ಮ್ಲೆಚ್ನಿ, ಅಂದರೆ ಹಾಲಿನ ಹೋಟೆಲು. 'ಬಾರ್' ಎಂದು ಹೆದರಬೇಕಿಲ್ಲ, ಗುಂಡು ಹಾಕುವ ಜಾಗ ಇದಲ್ಲ. ಇಂಥ ಮೊದಲ ಹೋಟೆಲು 1896ರಲ್ಲಿ ವಾರ್ಸಾದಲ್ಲಿ ಶುರುವಾಯಿತು. ಹಾಲು, ಮೊಟ್ಟೆ, ಹಿಟ್ಟಿನ ಅಗ್ಗದ ಊಟ ಅದರ ಬಂಡವಾಳ. ಕಮ್ಯುನಿಸ್ಟರ ಕಾಲದಲ್ಲಿ ಕೂಲಿಕಾರರೂ ಗುಮಾಸ್ತರೂ ಉಣ್ಣುತ್ತಿದ್ದದ್ದು ಇಲ್ಲೇ. 1981ರಲ್ಲಿ ತೆರೆಕಂಡ 'ಮಿಶ್' ಸಿನಿಮಾದಲ್ಲಿ ಇಂಥದ್ದೊಂದು ಹೋಟೆಲಿನ ಚಮಚಗಳನ್ನು ಸರಪಳಿಯಿಂದ ಬಿಗಿದಿರುತ್ತಾರೆ, ತಟ್ಟೆಗಳನ್ನು ಮೇಜಿಗೆ ಸ್ಕ್ರೂ ಹೊಡೆದಿರುತ್ತಾರೆ. ಪೋಲೆಂಡಿನವರು ಈಗಲೂ ಆ ದೃಶ್ಯ ನೆನೆದು ನಗುತ್ತಾರೆ. ಕಮ್ಯುನಿಸ್ಟರ ಕಾಲ ಮುಗಿದ 1989ರ ನಂತರ ಇಂಥ ಹೋಟೆಲುಗಳಲ್ಲಿ ಬಹುಪಾಲು ಬಾಗಿಲು ಹಾಕಿದವು.

ಉಳಿದವುಗಳಲ್ಲಿ ಒಂದು ಗ್ರೊಡ್ಜ್ಕಾ ಬೀದಿಯ 'ಪೋಡ್ ತೆಮಿದೋಂ'. ವಾವೆಲ್ ಕೋಟೆಗೆ ಹೋಗುವ ಪ್ರವಾಸಿಗರೆಲ್ಲ ಅದರ ಮುಂದೆಯೇ ಹಾದುಹೋಗುತ್ತಾರೆ. ಹಾಲಿನ ಹೋಟೆಲುಗಳ ಪದ್ಧತಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಗೋಡೆಯ ಫಲಕ ಓದಿ, ಗಲ್ಲೆಯಲ್ಲಿ ದುಡ್ಡು ಕೊಟ್ಟು, ಚೀಟಿಯನ್ನು ಅಡುಗೆಮನೆಯ ಕಿಂಡಿಗೆ ದಾಟಿಸಿ ಕಾಯಬೇಕು. ಕೂಗುವುದು ಪೋಲಿಷ್‌ನಲ್ಲೇ, ಕಿವಿ ಚುರುಕಾಗಿರಲಿ. ಖಾಲಿ ಕುರ್ಚಿ ಕಂಡಲ್ಲಿ ಕೂರಬಹುದು. ಒಂದೇ ಮೇಜಿನಲ್ಲಿ ಪಿಂಚಣಿದಾರ ಅಜ್ಜಿ, ವಿದ್ಯಾರ್ಥಿ, ಬೆನ್ನಿಗೆ ಚೀಲ ಹೊತ್ತ ವಿದೇಶಿ. ಉಂಡ ತಟ್ಟೆಯನ್ನು ತಾವೇ ಕಿಂಡಿಗೆ ಒಪ್ಪಿಸಬೇಕು.

ಇಲ್ಲಿನ ಊಟ ಅಗ್ಗವಾಗಲು ಕಾರಣ ಸರ್ಕಾರದ ಸಹಾಯಧನ. ಅದು ಸಿಗುವುದು ಹಾಲು, ಕಾಳು, ಹಿಟ್ಟು, ತರಕಾರಿಯ ಅಡುಗೆಗೆ, ಮಾಂಸಕ್ಕೆ ಇಲ್ಲ. ಹಂದಿಮಾಂಸಕ್ಕೆ ಹೆಸರಾದ ದೇಶದಲ್ಲಿ ಸಸ್ಯಾಹಾರಿಯ ಬೆನ್ನಿಗೆ ಖಜಾನೆಯೇ ನಿಂತಿರುವುದು ಸೋಜಿಗ. ಆದರೆ ಇದೇ ಸಹಾಯಧನ 2015ರಲ್ಲಿ ರಾದ್ಧಾಂತವನ್ನೂ ತಂದಿತು. ಯಾವ ಯಾವ ಪದಾರ್ಥ ಬಳಸಬಹುದೆಂದು ಹಣಕಾಸು ಸಚಿವಾಲಯ ಪಟ್ಟಿ ಮಾಡಿತು, ಅದರಲ್ಲಿ ಕರಿಮೆಣಸಿನಂಥ ಮಸಾಲೆಗಳೇ ಇರಲಿಲ್ಲ. ಸಾರಿಗೆ ಕರಿಮೆಣಸಿನ ಪುಡಿ ಉದುರಿಸಿದರೆ ಸಹಾಯಧನ ಹೋಯಿತು! ಹೋಟೆಲಿನವರೂ ಗಿರಾಕಿಗಳೂ ಗಲಾಟೆ ಮಾಡಿದ ಮೇಲೆ ನಿಯಮ ತಿದ್ದಿದರು. ಕಾಗದದ ಮೇಲೆ ಅಡುಗೆ ಮಾಡುವವರಿಗೆ ಒಲೆಯ ಬಿಸಿ ತಾಕುವುದಿಲ್ಲ ಎಂಬ ದೂರು ಎಲ್ಲ ದೇಶಗಳದ್ದೂ ಒಂದೇ ಇರಬೇಕು.

ಏನು ಕೇಳಬೇಕು? ಆಲೂಗಡ್ಡೆ ಮತ್ತು ಬಿಳಿ ಗಿಣ್ಣು ತುಂಬಿದ ಪಿಯೆರೋಗಿ, ತೆಳ್ಳಗಿನ ಸಿಹಿ ದೋಸೆಯಂಥ ನಾಲೆಶ್ನಿಕಿ, ಕೆಂಪು ಬೀಟ್‌ರೂಟಿನ ಬಾರ್ಶ್ಚ್, ಕುಡಿಯಲು ಹಣ್ಣು ಬೇಯಿಸಿ ಬಸಿದ ಕಂಪೋಟ್. ಸಸ್ಯಾಹಾರಿಗಳು ಒಂದು ಮಾತು ಮರೆಯಬಾರದು. ಪಿಯೆರೋಗಿಯ ಮೇಲೆ ಹಂದಿಕೊಬ್ಬಿನ ಹುರಿದ ತುಣುಕು ಸುರಿಯುವ ರೂಢಿ ಇದೆ, ಬೇಡವೆಂದು ಮೊದಲೇ ಹೇಳಿಬಿಡಬೇಕು. ಜೂರೆಕ್ ಎಂಬ ಹುಳಿಹಿಟ್ಟಿನ ಸಾರಿನಲ್ಲಿ ಸಾಮಾನ್ಯವಾಗಿ ಸಾಸೇಜ್ ಇರುತ್ತದೆ. ಬಾರ್ಶ್ಚ್ ಕೂಡ ಕೆಲವೊಮ್ಮೆ ಮಾಂಸದ ರಸದಲ್ಲಿ ಕುದ್ದಿರುತ್ತದೆ. ಕೇಳದೆ ಬಾಯಿಗಿಡುವುದು ಬೇಡ.

ಇಂಥ ಹೋಟೆಲುಗಳಲ್ಲಿ ಕತ್ತಲಾಗುವ ಹೊತ್ತಿಗೆ ಬೇಕಾದದ್ದು ಮುಗಿದಿರುತ್ತದೆ. ಆಗ ದಕ್ಷಿಣಕ್ಕೆ ನಡೆದರೆ ಕಾಜಿಮಿಯೆಜ್, ಒಂದು ಕಾಲಕ್ಕೆ ಬೇರೆಯೇ ಊರು, ಎರಡನೇ ಮಹಾಯುದ್ಧದವರೆಗೆ ಯಹೂದಿಗಳ ನೆಲೆ. ಅಲ್ಲಿನ ಪ್ಲಾತ್ಸ್ ನೋವಿ ಚೌಕದ ನಡುವೆ 1900ರ ಸುಮಾರಿನ ದುಂಡನೆಯ ಕಟ್ಟಡವೊಂದಿದೆ. ಯುದ್ಧಕ್ಕೆ ಮೊದಲು ಯಹೂದಿ ವಿಧಿಯಂತೆ ಕೋಳಿ ಕೊಯ್ಯುತ್ತಿದ್ದ ಜಾಗ. ಈಗ ಅದರ ಸುತ್ತಲೂ ಸಣ್ಣ ಸಣ್ಣ ಕಿಂಡಿಗಳು, ಬಹುಪಾಲು ಕಿಂಡಿಗಳಲ್ಲಿ ಝಪಿಯೆಕಾಂಕಾ: ಮೊಳದುದ್ದದ ಬ್ರೆಡ್ಡನ್ನು ಸೀಳಿ, ಅಣಬೆ ಹರಡಿ, ಚೀಸ್ ತುರಿದು ಸುಟ್ಟದ್ದು. ಎಪ್ಪತ್ತರ ದಶಕದ ಬಡವರ ತಿಂಡಿ ಇಂದು ಹತ್ತಾರು ವೇಷ ಹಾಕಿದೆ, ಫಲಕ ಓದಲೇ ಹೊತ್ತು ಬೇಕು. ಹಳೆಯ ಅಣಬೆ-ಚೀಸಿನದೇ ಸೊಗಸು. ನಿಂತು ತಿನ್ನಬೇಕು, ಎರಡೂ ಕೈ ಬೇಕು. ಕೆಚಪ್ ಸುರಿಯುವವರ ಕೈ ಮಾತ್ರ ಬಲು ಧಾರಾಳ, ಚೀಟಿ ಕೊಡುವಾಗಲೇ ಕಡಿಮೆ ಹಾಕಿ ಎಂದು ಸನ್ನೆ ಮಾಡಿಬಿಡುವುದು ಒಳ್ಳೆಯದು.