ಟಿ ಎದುರಿನ ಮಸುಕು ಗೆರೆ

ಬಿಟಿಎಂ ಲೇಔಟ್‌ನ ಮೆಡಿಕಲ್ ಶಾಪಿನಲ್ಲಿ ಪ್ರೆಗ್ನೆನ್ಸಿ ಕಿಟ್ ಕೇಳಿದರೆ ಸಾಮಾನ್ಯವಾಗಿ ಅದು ಕಾಗದದ ಕವರಿನೊಳಗೆ ಸೇರಿಯೇ ಕೈಗೆ ಬರುತ್ತದೆ. ಅಷ್ಟು ಗುಟ್ಟಾಗಿ ಮನೆ ಸೇರಿದ್ದು ಕೆಲವೊಮ್ಮೆ ತಾನೂ ಬಾಯಿ ಬಿಡುವುದಿಲ್ಲ. ‘ಸಿ’ ಎದುರು ಗಾಢ ಗೆರೆ, ‘ಟಿ’ ಎದುರು ಇದೆಯೋ ಇಲ್ಲವೋ ಎಂಬಂಥದ್ದು. ಫೋಟೊ ತೆಗೆದು ಅಕ್ಕನಿಗೆ ವಾಟ್ಸ್ಆ್ಯಪ್ ಮಾಡಿದರೆ ಅವಳಿಗೂ ಅನುಮಾನವೇ.

ಕಿಟ್ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವ ಹೊತ್ತಿಗೆ ಇದು ತಾಯಿಯ ರಕ್ತ ಸೇರತೊಡಗುತ್ತದೆ. ಬಹುಪಾಲು ಹೆಂಗಸರಲ್ಲಿ ಅದು ಅಂಡ ಬಿಡುಗಡೆಯಾದ 8ರಿಂದ 10 ದಿನಕ್ಕೆ. ಪಟ್ಟಿಯೊಳಗೆ ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳಿರುತ್ತವೆ. (ಅಷ್ಟು ಚಿಕ್ಕದಾದಾಗ ಚಿನ್ನದ ಬಣ್ಣ ಹಳದಿಯಲ್ಲ, ಕೆಂಪು!) ಮೂತ್ರದ ಹನಿ ಬಿದ್ದೊಡನೆ ಇವು ಎಚ್‌ಸಿಜಿಯನ್ನು ಹಿಡಿದುಕೊಂಡು ಮುಂದೆ ಹರಿಯುತ್ತವೆ, ‘ಟಿ’ ಬಳಿ ಕಾದಿರುವ ಮತ್ತೊಂದು ಪ್ರತಿಕಾಯ ಅವನ್ನು ತಡೆದು ನಿಲ್ಲಿಸುತ್ತದೆ. ಹಾರ್ಮೋನು ಕಡಿಮೆಯಿದ್ದರೆ ಅಲ್ಲಿ ನಿಲ್ಲುವ ಚಿನ್ನವೂ ಕಡಿಮೆ, ಗೆರೆ ಮಸುಕು. ‘ಸಿ’ ಗೆರೆ ಹೇಳುವುದು ಪಟ್ಟಿ ಕೆಲಸ ಮಾಡಿದೆ ಎಂದಷ್ಟೇ.

ಆದ್ದರಿಂದ ಹೇಳಿದ ಸಮಯದೊಳಗೆ, ಸಾಮಾನ್ಯವಾಗಿ 5 ನಿಮಿಷದಲ್ಲಿ, ಗುಲಾಬಿ ಬಣ್ಣ ಕಂಡರೆ ಎಷ್ಟೇ ತೆಳುವಾಗಿದ್ದರೂ ಅದು ಬಹುತೇಕ ಗೆರೆಯೇ. ಆಮೇಲೆ ಪಟ್ಟಿ ಒಣಗಿದಾಗ ಮೂಡುವ ಬೂದು ಗುರುತಿಗೆ ಅರ್ಥವಿಲ್ಲ. ಡಸ್ಟ್‌ಬಿನ್‌ಗೆ ಹಾಕಿದ್ದನ್ನು ಸಂಜೆ ಮತ್ತೆ ತೆಗೆದು ನೋಡುವವರು ಮೋಸ ಹೋಗುವುದು ಇಲ್ಲೇ. ಫರ್ಟಿಲಿಟಿ ಕ್ಲಿನಿಕ್‌ನಲ್ಲಿ ಎಚ್‌ಸಿಜಿ ಇಂಜೆಕ್ಷನ್ ತೆಗೆದುಕೊಂಡವರಿಗೆ ಇನ್ನೊಂದು ತೊಡಕಿದೆ: ಮದ್ದಿನ ಹಾರ್ಮೋನೇ ಎರಡು ವಾರದವರೆಗೂ ಗೆರೆ ಮೂಡಿಸಬಹುದು.

ಅನುಮಾನ ಉಳಿದರೆ ಎರಡು ದಿನ ಬಿಟ್ಟು ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ನೋಡಬಹುದು. ಇಲ್ಲವೇ ಜಯನಗರದಲ್ಲೋ ಬನಶಂಕರಿಯಲ್ಲೋ ಯಾವುದಾದರೂ ಲ್ಯಾಬಿಗೆ ಹೋಗಿ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಮಾಡಿಸಬಹುದು. ಸಾಮಾನ್ಯವಾಗಿ 5ಕ್ಕಿಂತ ಕೆಳಗಿದ್ದರೆ ಇಲ್ಲ, 25 ದಾಟಿದರೆ ಹೌದು. ನಡುವಿನದು ಅಡಕತ್ತರಿ. ಒಂದೇ ರಿಪೋರ್ಟ್ ಹಿಡಿದು ತಲೆ ಕೆಡಿಸಿಕೊಂಡು ಫಲವಿಲ್ಲ. ಅದೇ ಲ್ಯಾಬಿನಲ್ಲಿ 48 ಗಂಟೆ ನಂತರ ಕೊಟ್ಟ ರಕ್ತವೇ ಮಾತಾಡುವುದು. ಮೊದಲ ಅಂಕಿ 1500ಕ್ಕಿಂತ ಕಡಿಮೆಯಿದ್ದು ಬಸಿರು ಸರಿಯಾಗಿ ಬೆಳೆಯುತ್ತಿದ್ದರೆ, ಅಷ್ಟರಲ್ಲಿ ಅದು ಕನಿಷ್ಠ ಶೇ 49ರಷ್ಟಾದರೂ ಏರುವ ನಿರೀಕ್ಷೆ ಇರುತ್ತದೆ.

ಅಂಕಿ ಇಳಿದರೆ, ಬಹುತೇಕ ಸ್ಕ್ಯಾನಿಗೆ ಕಾಣುವ ಮೊದಲೇ ಬಸಿರು ನಿಂತಿದೆ ಎಂದರ್ಥ. ಇದಕ್ಕೆ ಹೆಚ್ಚಾಗಿ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಪಪ್ಪಾಯಿ ತಿಂದದ್ದನ್ನೋ ಸ್ಕೂಟರಿನಲ್ಲಿ ಗುಂಡಿ ಹಾರಿದ್ದನ್ನೋ ನೆನೆದು ಯಾರೂ ಆ ಹೆಣ್ಣನ್ನು ದೂರಬೇಕಿಲ್ಲ.

ನಿಜವಾಗಿ ಹೆದರಬೇಕಾದದ್ದು ಅಂಕಿ ಏರಲೂ ಇಳಿಯಲೂ ಒಲ್ಲದೆ ತೆವಳಿದಾಗ. ಭ್ರೂಣ ಗರ್ಭನಾಳದಲ್ಲೇ ಸಿಕ್ಕಿಕೊಂಡಿರಬಹುದು. ಅಂಕಿ ಚೆನ್ನಾಗಿ ಏರಿದ ಅಥವಾ ಇಳಿದ ಮಾತ್ರಕ್ಕೆ ಈ ಅಪಾಯ ಇಲ್ಲವೆನ್ನಲಾಗದು. ಕಿಬ್ಬೊಟ್ಟೆಯ ಒಂದು ಬದಿ ನೋವು, ರಕ್ತಸ್ರಾವ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ 48 ಗಂಟೆ ಕಾಯುವಂತಿಲ್ಲ. ಜಯನಗರ ಜನರಲ್ ಆಸ್ಪತ್ರೆಯೋ ಹತ್ತಿರದ ನರ್ಸಿಂಗ್ ಹೋಮೋ, ಆಗಲೇ ಹೋಗಬೇಕು. ಹೋದೊಡನೆ ಕಿಟ್‌ನಲ್ಲಿ ಗೆರೆ ಬಂದಿತ್ತೆಂದು ಡಾಕ್ಟರಿಗೆ ಹೇಳಬೇಕು.