ಕುಂಡದಲ್ಲಿ ಗಾಂಜಾ ಗಿಡ: ಕಾನೂನಿಗೆ ಎಲೆ ಬೇರೆ, ಹೂ ಬೇರೆ

‘ಒಂದೇ ಒಂದು ಗಿಡ. ಅದೂ ನಮ್ಮ ಗ್ರಿಲ್ಲಿನೊಳಗೆ. ಯಾರಿಗೂ ಮಾರುವುದಿಲ್ಲ. ಇದರಲ್ಲಿ ತಪ್ಪೇನು?’

ಮುಂಬಯಿಯ ಭಾಂಡುಪ್‌ನ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಈಗ ಹೀಗೆ ಕೇಳುವುದುಂಟು. ಮೊಬೈಲಿನಲ್ಲಿ ಅವರು ಬೇರೆ ದೇಶಗಳ ವಿಡಿಯೊ ನೋಡಿರುತ್ತಾರೆ. ಕೆನಡಾದಲ್ಲಿ 2018ರಿಂದ ಹೆಚ್ಚಿನ ಪ್ರಾಂತಗಳಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರೊಬ್ಬರಿಗೆ ಮೂರು ಗಿಡ. ಆ ವಿಡಿಯೊಗಳಲ್ಲಿ ಬೀಜ ಊರುವುದರಿಂದ ಹೂ ಒಣಗಿಸಿ ಡಬ್ಬಿಯಲ್ಲಿ ಹದ ಮಾಡುವವರೆಗೆ ಎಲ್ಲವನ್ನೂ ತೋರಿಸುತ್ತಾರೆ. ಭಾರತದ ಕಾನೂನನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಮ್ಮಲ್ಲಿ ಇದಕ್ಕೆ ಅವಕಾಶವಿಲ್ಲ. ಒಂದು ಗಿಡಕ್ಕೂ ಇಲ್ಲ. ಮನೆಯ ಕುಂಡಕ್ಕೆ ಪರವಾನಗಿ ಕೊಡುವ ಕಚೇರಿ ಮಹಾರಾಷ್ಟ್ರದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಹಾಗಿದ್ದರೆ ಹೋಳಿಯ ಭಂಗಿ ಏನು, ಅಂಗಡಿಯಲ್ಲಿ ಸಿಗುವ ಹೆಂಪ್ ಬೀಜ ಏನು, ಆಯುರ್ವೇದದ ಎಣ್ಣೆ ಏನು ಎಂದು ನೀವು ಕೇಳುತ್ತೀರಿ. ಅದು ತಿಳಿಯಬೇಕಾದರೆ ಮೊದಲು ಗಿಡವನ್ನು ಸ್ವಲ್ಪ ನೋಡಬೇಕು.

ಪರಂಗಿಯ ಹಾಗೆ ಇದರಲ್ಲೂ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೆಣ್ಣು ಗಿಡದ ತುದಿಯಲ್ಲಿ ಗೊಂಚಲಾಗಿ ಹೂ ಬಿಡುತ್ತದೆ. ಆ ಗೊಂಚಲಿನ ಮೇಲೆ ಟ್ರೈಕೋಮ್‌ಗಳಿರುತ್ತವೆ, ಅಂದರೆ ಅಂಟು ರಾಳ ಒಸರುವ ಸಣ್ಣ ಗ್ರಂಥಿಗಳು. ಮತ್ತೇರಿಸುವ ಟಿಎಚ್‌ಸಿ ಎಂಬ ರಾಸಾಯನಿಕ ಮುಖ್ಯವಾಗಿ ಇರುವುದು ಈ ರಾಳದಲ್ಲಿ. ಮತ್ತು ತರದ ಸಿಬಿಡಿ ಎಂಬ ಇನ್ನೊಂದೂ ಅದರಲ್ಲೇ ಇದೆ. ಎಲೆಯಲ್ಲಿ ಟಿಎಚ್‌ಸಿ ಕಡಿಮೆ, ಬೀಜದೊಳಗೆ ಇಲ್ಲವೆಂದೇ ಹೇಳಬಹುದು. ಬೀಜದಲ್ಲಿ ಏನಾದರೂ ಸಿಕ್ಕರೆ ಅದು ಸಿಪ್ಪೆಗೆ ಅಂಟಿದ ರಾಳದ ಅಂಶ.

ಕಾನೂನು ಸಹ ಗಿಡವನ್ನು ಹೀಗೇ ಬಿಡಿಸಿ ನೋಡುತ್ತದೆ. ಅದರ ಹೆಸರು ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಮೇಲಿನ ಕೇಂದ್ರ ಸರ್ಕಾರದ 1985ರ ಕಾಯ್ದೆ. ಅದರ ಪ್ರಕಾರ ಹೂ ಅಥವಾ ಕಾಯಿ ಬಿಟ್ಟ ತುದಿಯೇ ಗಾಂಜಾ. ಬೇರ್ಪಡಿಸಿದ ರಾಳ ಚರಸ್. ತುದಿಯ ಜೊತೆ ಸೇರಿರದ ಬರೀ ಎಲೆ, ಬರೀ ಬೀಜ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲೂ ಎಲೆ, ಬೀಜಗಳನ್ನು ಹೀಗೇ ಹೊರಗಿಟ್ಟಿದ್ದರು.

ಎಲೆ, ಬೀಜ ಹೊರಗಿವೆ ಎಂದ ಮೇಲೆ ಎಲೆಗಾಗಿ ಗಿಡ ಬೆಳೆಸಬಹುದಲ್ಲ ಎಂದು ಹಲವರು ವಾದ ಹೂಡುತ್ತಾರೆ. ತಪ್ಪುವುದು ಅಲ್ಲೇ. ಗಾಂಜಾ ಎಂದರೇನು ಎಂಬ ವ್ಯಾಖ್ಯೆ ಒಂದು, ಗಿಡ ಎಂದರೇನು ಎಂಬ ವ್ಯಾಖ್ಯೆ ಇನ್ನೊಂದು. ಕ್ಯಾನಬಿಸ್ ಕುಲದ ಯಾವ ಗಿಡವನ್ನೂ ಅನುಮತಿಯಿಲ್ಲದೆ ಬೆಳೆಸುವಂತಿಲ್ಲ ಎಂದು 8ನೇ ಕಲಂ ಹೇಳುತ್ತದೆ. ಹೂ ಬಿಡದ ಗಿಡವೂ ಅದರಲ್ಲಿ ಸೇರಿತು. 20ನೇ ಕಲಂ ಪ್ರಕಾರ ಬೆಳೆಸಿದ್ದಕ್ಕೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ‘ಸ್ವಂತಕ್ಕೆ ಸ್ವಲ್ಪ’ ಎಂಬ ಮಿತಿ ಬೆಳೆಸುವುದಕ್ಕೆ ಇಲ್ಲ. ಒಂದು ಕುಂಡಕ್ಕೂ ಒಂದು ಎಕರೆಗೂ ಗರಿಷ್ಠ ಶಿಕ್ಷೆ ಒಂದೇ ಎಂಬುದು ನನಗೆ ನ್ಯಾಯವೆನಿಸುವುದಿಲ್ಲ. ನ್ಯಾಯಾಧೀಶರು ಕಡಿಮೆ ಶಿಕ್ಷೆ ಕೊಡಬಹುದು, ನಿಜ. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ವಕೀಲರ ಫೀ, ಕೋರ್ಟಿನ ಓಡಾಟ, ಮಗನ ಪಾಸ್‌ಪೋರ್ಟ್‌ನ ಪೊಲೀಸ್ ತಪಾಸಣೆ ಎಲ್ಲವೂ ಮನೆಯವರ ತಲೆಗೆ ಬಂದಿರುತ್ತವೆ.

ಇನ್ನು ಕೊಯ್ಲು. ಗಾಂಜಾವನ್ನು ಗಿಡದಿಂದ ಬೇರ್ಪಡಿಸುವುದನ್ನು ಈ ಕಾಯ್ದೆ ‘ಉತ್ಪಾದನೆ’ ಎಂದು ಕರೆಯುತ್ತದೆ. ಹೂ ಕತ್ತರಿಸಿದ ಕ್ಷಣ ಅದು ಬೆಳೆಸಿದ್ದರ ಮೇಲೆ ಇನ್ನೊಂದು ಅಪರಾಧವಾಯಿತು. ಕತ್ತರಿಸಿದ್ದನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ನಿಮ್ಮ ವಶದಲ್ಲಿ ಗಾಂಜಾ ಇದೆ ಎಂದಾಯಿತು. ಕೈಯಿಂದ ಉಜ್ಜಿ ರಾಳ ತೆಗೆದರೆ ಅದು ಚರಸ್. ಆಗ ಲೆಕ್ಕವೇ ಬದಲಾಗುತ್ತದೆ. ಗಾಂಜಾದಲ್ಲಿ 1 ಕಿಲೋವರೆಗೆ ‘ಅಲ್ಪ ಪ್ರಮಾಣ’, 20 ಕಿಲೋ ಮೇಲೆ ‘ವಾಣಿಜ್ಯ ಪ್ರಮಾಣ’. ಚರಸ್‌ಗೆ ಇದೇ ಗಡಿ 100 ಗ್ರಾಂ ಮತ್ತು 1 ಕಿಲೋ. ಅಲ್ಪ ಪ್ರಮಾಣ ಇಟ್ಟುಕೊಂಡರೆ ಒಂದು ವರ್ಷದವರೆಗೆ ಸಜೆ ಅಥವಾ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅದರ ಮೇಲೆ 10 ವರ್ಷದವರೆಗೆ. ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷ, ಜಾಮೀನು ಸಿಗುವುದೂ ಬಹಳ ಕಷ್ಟ. ಸೇದಿದ್ದಕ್ಕೇ ಬೇರೆ ಕಲಂ ಇದೆ: ಆರು ತಿಂಗಳವರೆಗೆ ಸಜೆ ಅಥವಾ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ.

ತೂಕ ಮಾಡುವುದರಲ್ಲೂ ತಕರಾರಿದೆ. ಪೊಲೀಸರು ಬೇರು, ಕಾಂಡ, ಎಲೆ ಸಮೇತ ಇಡೀ ಗಿಡ ತೂಗಿದರೆ ಅದು ಗಾಂಜಾದ ತೂಕವೇ ಎಂಬ ಪ್ರಶ್ನೆ ಬಾಂಬೆ ಹೈಕೋರ್ಟಿನ ಮುಂದೆ ಬಂದು, ವ್ಯಾಖ್ಯೆಯ ಆಧಾರದ ಮೇಲೆ ಆರೋಪಿಗೆ ಪರಿಹಾರ ಸಿಕ್ಕಿದ್ದೂ ಇದೆ. ಇದು ವಕೀಲರ ಕೈಯ ಅಸ್ತ್ರ. ಇದನ್ನು ನಂಬಿ ಕುಂಡ ಇಡುವುದಲ್ಲ.

ಒಣಗಿಸುವುದರ ಬಗ್ಗೆ ಇನ್ನೊಂದು ಮಾತು, ಇದು ಕಾನೂನಿಗೆ ಸಂಬಂಧಿಸಿದ್ದಲ್ಲ. ಹಪ್ಪಳವೂ ನೆಟ್ಟಗೆ ಒಣಗದ ಮುಂಬಯಿಯ ಮಳೆಗಾಲದಲ್ಲಿ ದಪ್ಪ ಹೂ ಗೊಂಚಲಿಗೆ ಬೂಷ್ಟು ಹಿಡಿಯುವುದು ಸುಲಭ. ಅದರಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರವೂ ಇರಬಹುದು. ರೋಗ ನಿರೋಧಕ ಶಕ್ತಿ ಕುಗ್ಗಿದವರ ಶ್ವಾಸಕೋಶಕ್ಕೆ ಅದು ಹೊಕ್ಕರೆ ಪ್ರಾಣಕ್ಕೇ ಅಪಾಯ. ಕ್ಯಾನ್ಸರ್ ನೋವಿಗೆ ಮನೆಯಲ್ಲೇ ಬೆಳೆಸಿ ಕೊಡೋಣ ಎಂದುಕೊಳ್ಳುವವರು ಇದನ್ನು ಮುಖ್ಯವಾಗಿ ತಿಳಿದಿರಬೇಕು.

ನೀವು ಬೆಳೆಸಿಲ್ಲ, ಬಾಡಿಗೆಯವನು ಬೆಳೆಸಿದ್ದಾನೆ ಎಂದಿಟ್ಟುಕೊಳ್ಳಿ. ಭಾಂಡುಪ್‌ನ ಟೆಂಭಿಪಾಡದಲ್ಲೋ ಸೋನಾಪುರದಲ್ಲೋ ಒಂದು ಖೋಲಿ ಕೊಂಡು ಬಾಡಿಗೆಗೆ ಕೊಟ್ಟು, ತಾವು ಊರಲ್ಲಿರುವ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಗೊತ್ತಿದ್ದೂ ಜಾಗ ಕೊಟ್ಟರೆ 25ನೇ ಕಲಂ ಪ್ರಕಾರ ಮಾಲೀಕರಿಗೂ ಅದೇ ಶಿಕ್ಷೆ. ತನ್ನ ಜಮೀನಿನಲ್ಲಿ ಇಂಥ ಗಿಡ ಇದ್ದರೆ ಕೂಡಲೇ ತಿಳಿಸುವುದು ಹಿಡುವಳಿದಾರನ ಕರ್ತವ್ಯ ಎಂದು 46ನೇ ಕಲಂ ಹೇಳುತ್ತದೆ. ಆದ್ದರಿಂದ ಲೀವ್ ಅಂಡ್ ಲೈಸೆನ್ಸ್, ಅಂದರೆ ಬಾಡಿಗೆ ಕರಾರು, ನೋಂದಾಯಿಸಿ. ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೆ ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ. ಸೊಸೈಟಿಯ ಟೆರೇಸಿನಲ್ಲಿ ಅನುಮಾನದ ಗಿಡ ಕಂಡರೆ ನೀವೇ ಕಿತ್ತು ಮನೆಗೆ ತರಬೇಡಿ. ಫೋಟೊ ತೆಗೆದು ಸೆಕ್ರೆಟರಿಗೆ ತೋರಿಸಿ, ಪೊಲೀಸ್ ಠಾಣೆಗೆ ತಿಳಿಸಿ. ದೂರು ಕೊಡಲು ಕೇಂದ್ರ ಸರ್ಕಾರದ ಮಾದಕ ವಸ್ತು ಸಹಾಯವಾಣಿ 1933 ಕೂಡ ಇದೆ.

ಆದರೆ ಗಾಬರಿಯಾಗುವ ಮುಂಚೆ ಅದು ಪುಂಡಿ ಗಿಡವೇ ನೋಡಿ! ಕಲಬುರಗಿ, ವಿಜಯಪುರದ ಕಡೆಯವರು ಪಲ್ಯಕ್ಕೆ ಬೆಳೆಸುವ ಪುಂಡಿಯ ಒಂದು ಜಾತಿಯ ಎಲೆ ದೂರದಿಂದ ಗಾಂಜಾ ಎಲೆಯಂತೆಯೇ ಕಾಣುತ್ತದೆ. ಮರಾಠಿ ನೆರೆಯವರು ಅಂಬಾಡಿ ಎನ್ನುವುದು ಇದನ್ನೇ. ಅದರ ಸಸ್ಯಶಾಸ್ತ್ರೀಯ ಹೆಸರು ಹೈಬಿಸ್ಕಸ್ ಕ್ಯಾನಬಿನಸ್, ಎಲೆಯ ಹೋಲಿಕೆಯಿಂದಲೇ ಬಂದದ್ದು. ಪುಂಡಿಯಲ್ಲಿ ಒಂದೇ ಎಲೆ ಬೆರಳುಗಳಂತೆ ಸೀಳಿರುತ್ತದೆ, ಕೆಳಗಿನ ಎಲೆಗಳು ಸೀಳಿಲ್ಲದೆಯೂ ಇರುತ್ತವೆ. ಗಾಂಜಾದಲ್ಲಿ ಬಿಡಿ ಬಿಡಿ ಕಿರುಎಲೆಗಳು ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಪುಂಡಿಗೆ ದಾಸವಾಳದಂಥ ತಿಳಿ ಹಳದಿ ಹೂ, ನಡುವೆ ಕಡುಗೆಂಪು. ಗಾಂಜಾ ಹೂವಿಗೆ ದಳಗಳೇ ಕಾಣುವುದಿಲ್ಲ, ವಾಸನೆ ಮಾತ್ರ ಜೋರು. ಪುಂಡಿಯನ್ನು ನಿಶ್ಚಿಂತೆಯಿಂದ ಬೆಳೆಸಿ.

ಪೊಲೀಸರು ತಪಾಸಣೆಗೆ ಬಂದರೆ ಏನು ಮಾಡಬೇಕು? ಮೈ ತಪಾಸಣೆಗೆ ಮುಂಚೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ತಪಾಸಣೆ ಆಗಲಿ ಎಂದು ಕೇಳುವ ಹಕ್ಕು 50ನೇ ಕಲಂನಲ್ಲಿದೆ. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಪಂಚನಾಮೆ ಮರಾಠಿಯಲ್ಲಿರುತ್ತದೆ. ಓದಲು ಬಾರದಿದ್ದರೆ ಓದಿಸಿ, ಅರ್ಥವಾದ ಮೇಲೆ ಸಹಿ ಮಾಡಿ. ವಕೀಲರಿಗೆ ದುಡ್ಡಿಲ್ಲದವರು ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು. ಒಂದು ಎಚ್ಚರಿಕೆ: ವಸ್ತು ನಿಮ್ಮ ವಶದಲ್ಲಿ ಸಿಕ್ಕರೆ, ಅದು ನಿಮಗೆ ಗೊತ್ತಿತ್ತು ಎಂದೇ ಈ ಕಾಯ್ದೆ ಮೊದಲು ಊಹಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ನಿಮ್ಮದು.

ಭಂಗಿಯ ವಿಷಯಕ್ಕೆ ಬರೋಣ. ಅದು ಎಲೆಯಿಂದ ಅರೆದದ್ದು, ಹಾಗಾಗಿ ಕೇಂದ್ರ ಕಾಯ್ದೆಯ ಹೊರಗೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಒಂದು ಪ್ರಕರಣದಲ್ಲಿ ಜಾಮೀನು ಕೊಡುವಾಗ ಇದನ್ನೇ ಹೇಳಿತು: ಭಂಗಿಯನ್ನು ಗಾಂಜಾ ಅಥವಾ ಚರಸ್‌ನಿಂದಲೇ ಮಾಡಿದ್ದಾರೆ ಎಂಬುದಕ್ಕೆ ದಾಖಲೆ ಬೇಕು. ಆದರೆ ಕೇಂದ್ರ ಬಿಟ್ಟದ್ದನ್ನು ರಾಜ್ಯ ಹಿಡಿಯಬಹುದು. ಉತ್ತರ ಭಾರತದ ಕೆಲವು ರಾಜ್ಯಗಳಲ್ಲಿ ಸರ್ಕಾರಿ ಪರವಾನಗಿಯ ಭಂಗಿ ಅಂಗಡಿಗಳಿವೆ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇದೆ, ಅದರ ಪ್ರಕಾರ ಪರವಾನಗಿಯಿಲ್ಲದೆ ಭಂಗಿ ಮಾಡುವುದು, ಇಟ್ಟುಕೊಳ್ಳುವುದು, ಕುಡಿಯುವುದು ಅಪರಾಧ. ಬನಾರಸಿನಲ್ಲಿ ಕುಡಿದದ್ದು ಭಾಂಡುಪ್‌ನಲ್ಲಿ ನಡೆಯುವುದಿಲ್ಲ.

ದೇವರ ಪ್ರಸಾದವಾದರೆ? ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಗುಡಿಯಲ್ಲಿ ಜಾತ್ರೆಗೆ ಬಂದವರಿಗೆ ಗಾಂಜಾ ಪೊಟ್ಟಣ ಕೊಡುವ ರೂಢಿಯ ಬಗ್ಗೆ ಪತ್ರಿಕೆಗಳು ಬರೆದಿವೆ. ಉತ್ತರ ಕರ್ನಾಟಕದ ಅವಧೂತ, ಆರೂಢ, ಶರಣ ಪರಂಪರೆಗಳ ಕೆಲವು ಕಡೆ ಅದು ಧ್ಯಾನದ ಸಾಧನ ಎಂಬ ನಂಬಿಕೆಯಿದೆ. ನಂಬಿಕೆ ಹಳೆಯದು, ಅದನ್ನು ಹೀಗಳೆಯುವುದು ನನ್ನ ಕೆಲಸವಲ್ಲ. ಆದರೆ ಕಾಯ್ದೆಯಲ್ಲಿ ಪ್ರಸಾದಕ್ಕೆ ವಿನಾಯಿತಿ ಇಲ್ಲ. ಆ ಪೊಟ್ಟಣ ಚೀಲದಲ್ಲಿಟ್ಟು ರೈಲಿನಲ್ಲಿ ಮುಂಬಯಿಗೆ ಬರುವವರು ಇದನ್ನು ನೆನಪಿಡಲಿ.

ಹಾಗಾದರೆ ಕಾನೂನಿನಂತೆ ಸಿಗುವುದೇನು? ಎರಡು ಬಗೆ. ಒಂದು, ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟು. ಹೆಂಪ್ ಅಂದರೆ ಇದೇ ಗಿಡದ ಟಿಎಚ್‌ಸಿ ಕಡಿಮೆಯಿರುವ ತಳಿ. ಉತ್ತರಾಖಂಡ 2018ರಲ್ಲಿ ಶೇಕಡ 0.3ಕ್ಕಿಂತ ಕಡಿಮೆ ಟಿಎಚ್‌ಸಿಯ ತಳಿಗೆ ಪರವಾನಗಿ ಕೊಡತೊಡಗಿತು. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಬೀಜವನ್ನು ಆಹಾರವೆಂದು ಒಪ್ಪಿತು. ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಒಳ್ಳೆಯ ಪ್ರೋಟೀನ್ ಇದೆ, ಮತ್ತು ಬರುವುದಿಲ್ಲ. ಬೆಲೆ ಮಾತ್ರ ಹೆಚ್ಚು. ಪ್ರೋಟೀನೇ ಬೇಕಾದರೆ ಹುರಿಗಡಲೆ, ಶೇಂಗಾ, ಅಗಸೆಯ ಚಟ್ನಿಪುಡಿಯಲ್ಲಿ ಕಡಿಮೆ ಖರ್ಚಿಗೆ ಸಿಗುತ್ತದೆ ಎಂಬುದು ನನ್ನ ಲೆಕ್ಕ. ಕೊಳ್ಳುವುದಾದರೆ ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ನೋಡಿ. ಅದನ್ನು ಮಣ್ಣಿಗೆ ಹಾಕುವ ಪ್ರಯೋಗ ಬೇಡ.

ಎರಡು, ಆಯುರ್ವೇದದ ಔಷಧ. ಅಲ್ಲಿ ಈ ಗಿಡಕ್ಕೆ ವಿಜಯಾ ಎಂದು ಹೆಸರು. ಔಷಧ ನಿಯಮಗಳು ಇದನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟಿವೆ, ಆದ್ದರಿಂದ ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು. ನೋಂದಾಯಿತ ಆಯುರ್ವೇದ ವೈದ್ಯರನ್ನು ಕಂಡು ಚೀಟಿ ಪಡೆಯಿರಿ. ಲೇಬಲ್‌ನಲ್ಲಿ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಲಿ. ರಕ್ತ ತೆಳುವಾಗಿಸುವ ಗುಳಿಗೆ ಅಥವಾ ಮೂರ್ಛೆರೋಗದ ಗುಳಿಗೆ ತೆಗೆದುಕೊಳ್ಳುವವರು ಆ ವೈದ್ಯರಿಗೆ ಮೊದಲೇ ಹೇಳಬೇಕು, ಸಿಬಿಡಿ ಅವುಗಳ ಪ್ರಮಾಣವನ್ನು ಏರುಪೇರು ಮಾಡಬಹುದು. ಚೀಟಿ ಮತ್ತು ಬಿಲ್ ಔಷಧದ ಜೊತೆಗೇ ಇರಲಿ.

ಮನೆಯಲ್ಲಿ ಯಾರಿಗಾದರೂ ಈಗಾಗಲೇ ಚಟ ಹತ್ತಿದ್ದರೆ ಅದಕ್ಕೂ ದಾರಿಯಿದೆ. ಅಲ್ಪ ಪ್ರಮಾಣದ ಅಥವಾ ಸೇವನೆಯ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆಗೆ ಹೋದರೆ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ, ಚಿಕಿತ್ಸೆ ಪೂರ್ತಿ ಮಾಡಿದರೆ ಮಾತ್ರ. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಕನ್ನಡದಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಭಾಷೆ ಆರಿಸಿಕೊಳ್ಳಿ. ಎರಡಕ್ಕೂ ಹಣ ಕೊಡಬೇಕಿಲ್ಲ.

ಕೊನೆಗೆ, ಗಲ್ಫ್‌ನಲ್ಲಿ ಮಕ್ಕಳಿರುವವರಿಗೆ. ಇಲ್ಲಿ ಚೀಟಿ ಇಟ್ಟುಕೊಂಡು ಕೊಂಡ ವಿಜಯಾ ಎಣ್ಣೆಯಾಗಲಿ, ಹೆಂಪ್‌ನ ಯಾವುದೇ ಸಾಮಾನಾಗಲಿ ದುಬೈಗೆ ಹೋಗುವವರ ಪೆಟ್ಟಿಗೆಯಲ್ಲಿ ಇಡಬೇಡಿ. ಅಲ್ಲಿಯ ಕಾನೂನು ನಮ್ಮದಕ್ಕಿಂತ ಬಿಗಿ, ಮುಂಬಯಿ ವೈದ್ಯರ ಚೀಟಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.